ಸೊಸೆಯ ದೋಣಿ ಕೆಟ್ಟ ಬಗ್ಗೆ ಶಿವರತ್ನಮ್ಮನವರ ಹೇಳಿಕೆ

ಶಿವರತ್ನಮ್ಮ ಕೋಂ ಲೇಟ್ ಪುಟ್ಟಬಸಪ್ಪ, ವಯಸ್ಸು 63, ಲಿಂಗಾಯತರು, ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಮಾಲೀಕರು, ವಾಸ ಕೊಳ್ಳೇಗಾಲ ಟೌನ್.

ಸೊಸೆ ಸೌಮ್ಯ ಕೊಟ್ಟಿರುವ ದೂರಿನ ಬಗ್ಗೆ ಠಾಣೆಗೆ ಕರೆಸಿ ಕೇಳಿದ್ದಕ್ಕೆ ನಾನು ಹೇಳುವುದು ಹೀಗಿದೆ. ನಮ್ಮ ಮನೆಯ ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

ನನ್ನ ಮಗ ಶಿವಕುಮಾರಸ್ವಾಮಿ ಮಂಗಳೂರಿನಲ್ಲಿ ದೋಣಿ ಕಟ್ಟುವುದನ್ನು ಕಲಿತು ಬಂದು, ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ರೇಸಿನ ದೋಣಿಗೆ ಮರದ ಅಚ್ಚು ಮಾಡಿದ್ದ. ಹೋದ ವರ್ಷ ಕಾಮಗೆರೆ ರಸ್ತೆಯಲ್ಲಿ ಲಾರಿ ಹೊಡೆದು ಲಿಂಗೈಕ್ಯನಾದ. ಆಮೇಲೆ ಸೌಮ್ಯ ಆ ಕೆಲಸ ಹಿಡಿದಳು. ಮೈಸೂರಿನ ಒಂದು ಕ್ಲಬ್ಬಿನವರು ಅವಳಿಗೆ ದೋಣಿ ಮಾಡಲು ಹೇಳಿದ್ದರು. ಅದು ಅವರಿಗೆ ಒಪ್ಪಿಗೆಯಾದರೆ ಅಚ್ಚಿನ ಸಮೇತ ಯಳಂದೂರಿನ ತವರಿಗೆ ಹೋಗಿ, ದೋಣಿ ಮಾಡುವ ಕೆಲಸದಲ್ಲೇ ಬದುಕುವುದಾಗಿ ಹೇಳಿದ್ದಳು. ತವರಿನಿಂದ ತಂದಿದ್ದನ್ನು ಒಯ್ಯಬಹುದು, ನನ್ನ ಮಗನ ಕೈಕೆಲಸ ಹೊಸ್ತಿಲು ದಾಟುವುದಿಲ್ಲ ಎಂದು ನಾನು ಹೇಳಿದ್ದೆ.

ದಿನಾಂಕ 17-2-2003, ಸೋಮವಾರ ಬೆಳಿಗ್ಗೆ ಸೌಮ್ಯ ಅಚ್ಚಿನ ಮೇಲೆ ಕಾರ್ಬನ್ ಫೈಬರ್ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಹಚ್ಚಿ, ಪ್ಲಾಸ್ಟಿಕ್ ಹೊದಿಸಿ, ಅಂಚನ್ನೆಲ್ಲ ಗಮ್ ಟೇಪಿನಿಂದ ಮುಚ್ಚಿ ಪಂಪು ಹಾಕಿದಳು. ಪಂಪು ಒಳಗಿನ ಗಾಳಿ ಎಳೆದಾಗ ಪ್ಲಾಸ್ಟಿಕ್ಕು ಬಟ್ಟೆಯನ್ನು ಅಚ್ಚಿಗೆ ಒತ್ತಿ ಹಿಡಿಯುತ್ತದೆ. ರೆಸಿನ್ ಗಟ್ಟಿಯಾಗುವವರೆಗೆ ಗಾಳಿ ಒಳಗೆ ಹೋಗಬಾರದು. ಕರೆಂಟು ಹೋದೀತೆಂದು ಬಾಡಿಗೆ ಜನರೇಟರ್ ತರಲು ಅವಳು ಹನೂರಿಗೆ ಹೋದಳು.

ಪ್ರತಿ ಸೋಮವಾರ ಆ ಅಚ್ಚಿನ ಮುಂದೆ ವಿಭೂತಿ ಇಟ್ಟು, ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚುವುದು ನನ್ನ ಪದ್ಧತಿ. ಅಂದೂ ಚುಚ್ಚಿದೆ. ಹಣ್ಣು ಮೆತ್ತಗಿತ್ತು. ಕಡ್ಡಿ ವಾಲಿ ಪ್ಲಾಸ್ಟಿಕ್ಕಿಗೆ ತಗುಲಿ ತೂತಾಯಿತು. ಇದು ಬೇಕೆಂದು ಮಾಡಿದ್ದಲ್ಲ.

ಸದ್ದು ಕೇಳಿ ನಮ್ಮ ಕೂಲಿಯಾಳು ಮಾದೇವಮ್ಮ ಬಂದು, "ಅಮ್ಮಾವ್ರೆ, ಸುಯ್ ಅಂತ ಗಾಳಿ ಓಯ್ತಾ ಅದೆ. ಟೇಪು ಇಲ್ಲೇ ಅದೆ, ಒಂದ್ ಚೂರು ಅಂಟಿಸ್ಬುಡ್ಲಾ?" ಎಂದಳು.

"ಕೈ ತಗಿ. ನಿಂಗೆ ಕೂಲಿ ಕೊಡೋದು ಗೂಡು ಬೇಯ್ಸಕ್ಕೆ, ದೋಣಿಗಲ್ಲ" ಎಂದೆ.

ಅವಳು ಹೋದಳು. ನಾನು ಕುರ್ಚಿ ತರಿಸಿ ಕೂತೆ. ಪ್ಲಾಸ್ಟಿಕ್ಕು ಸಡಿಲವಾಗಿ, ಬಟ್ಟೆ ಅಲ್ಲಲ್ಲಿ ಅಚ್ಚಿನಿಂದ ಎದ್ದಿತು. ಸೌಮ್ಯ ಮಧ್ಯಾಹ್ನ ಮೂರೂವರೆಗೆ ಬಂದಾಗ ಹಾಗೆಯೇ ಗಟ್ಟಿಯಾಗಿತ್ತು. ಅವಳು ದೋಣಿಯ ಮೈಯನ್ನು ಉದ್ದಕ್ಕೂ ಬೆರಳಲ್ಲಿ ತಟ್ಟಿದಳು. ಟೊಳ್ಳು ಸದ್ದು ಬಂತು.

"ಅತ್ತೆ, ಕೂತ್ಕಂಡು ನೋಡ್ತಿದ್ರಾ?" ಎಂದಳು.

"ನೋಡ್ತಿದ್ದೆ ಕಣವ್ವ. ಗಂಡನ್ನೇ ತಡೀನಿಲ್ಲ ನೀನು, ಗಾಳಿ ತಡೀತೀಯಾ?" ಎಂದೆ.

ಅವಳು ಅಳಲಿಲ್ಲ. ಅಚ್ಚು ಇದೆ, ಇನ್ನೊಂದು ದೋಣಿ ತೆಗೆಯುತ್ತೇನೆ, ಬುಧವಾರ ಟೆಂಪೋ ತರಿಸಿ ಯಳಂದೂರಿಗೆ ಒಯ್ಯುತ್ತೇನೆ ಎಂದಳು.

ಈ ದಿನ ಬುಧವಾರ ಬೆಳಿಗ್ಗೆ ಅವಳು ದೂರು ಕೊಡಲು ಇಲ್ಲಿಗೆ ಬಂದಿದ್ದಾಗ, ಅಚ್ಚನ್ನು ಕುಯ್ಯಿಸಿ ಗೂಡು ಬೇಯಿಸುವ ಒಲೆಗೆ ಹಾಕಿಸಿದ್ದೇನೆ. ಒಳಗಿನ ಅಡ್ಡಪಟ್ಟಿಗಳ ಮೇಲೆ ನನ್ನ ಮಗ ಪೆನ್ಸಿಲಿನಲ್ಲಿ ಬರೆದ ಅಳತೆಗಳಿದ್ದವು. ಆ ಅಳತೆ ಬೇರೆಲ್ಲೂ ಇಲ್ಲ. ಆ ಪಟ್ಟಿಗಳನ್ನು ಮಾತ್ರ ಆಳುಗಳ ಕೈಗೆ ಕೊಡದೆ, ಒಂದೊಂದಾಗಿ ನಾನೇ ಒಲೆಗೆ ಹಾಕಿದ್ದೇನೆ.

ಬರೆದುಕೊಂಡಿದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಕೊಳ್ಳೇಗಾಲ
ದಿನಾಂಕ: 19-2-2003
ಸಹಿ: ಶಿವರತ್ನಮ್ಮ