ಹೋಲ್ಗರ್‌ನ ಉಗುರುಗಳು

"ಹಲೋ… ಹಾಂ, ಗುನ್ವೋರ್ ಮಾತಾಡ್ತಿರೋದು. ಯಾರು?"

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಆಚೆಯ ದನಿ ಎರಡು ಮಾತಾಡುವಷ್ಟರಲ್ಲಿ ಗುನ್ವೋರ್ ಮೇಜಿನ ಅಂಚು ಹಿಡಿದುಕೊಂಡಳು. ಓಲಂಡ್ ದ್ವೀಪಗಳ ಜನರ ಹಲ್ಲು ಶುಚಿ ಮಾಡುತ್ತ ಮೂವತ್ತು ವರ್ಷ ಕಳೆದವಳು ಅವಳು. ಈ ದನಿಯನ್ನು ಮರೆತಿರಲಿಲ್ಲ. ಇದರ ಒಡೆಯ ತೀರಿಕೊಂಡು ಎರಡು ವರ್ಷವಾಗಿತ್ತು.

"ಯಾರು ಅಂದ್ರಿ?… ಇನ್ನೊಂದ್ಸಲ ಹೇಳಿ…"

"ಓ, ಆಲ್ಗೋತಾ? ಹಾಂ… ಹೋಲ್ಗರ್ ತಮ್ಮ. ಸರಿ, ಸರಿ… ಇಲ್ಲ, ಏನಿಲ್ಲ. ದನಿ ಥೇಟ್ ನಿಮ್ಮಣ್ಣಂದೇ. ಯಾರೂ ಹೇಳಿಲ್ವಾ?"

"ಹಲ್ಲು ಮುರೀತಾ? ಯಾವಾಗ?… ಆಗಸ್ಟಲ್ಲಿ. ಈಗ ಅಕ್ಟೋಬರ್ ಅಲ್ವಾ… ನೋವಿಲ್ಲ ಅಂತ ಬಿಟ್ರಿ. ವಸಡಲ್ಲಿ ರಕ್ತ?… ಅದು ಯಾವಾಗ್ಲೂ ಬರುತ್ತಾ. ಕಾಫಿ ಈಗ್ಲೂ ಸಕ್ಕರೆ ತುಂಡು ಹಲ್ಲಲ್ಲಿ ಕಚ್ಕೊಂಡೇ ಕುಡಿಯೋದಾ?… ದಿನಕ್ಕೆ ಹತ್ತು ಸಲ. ಹೋಲ್ಗರ್‌ಗೂ ಹೇಳಿ ಹೇಳಿ ಸಾಕಾಗಿತ್ತು. 'ಸಕ್ಕರೆ ಬಿಟ್ರೆ ಕಾಫಿ ಮುನಿಸ್ಕೊಳ್ಳುತ್ತೆ' ಅನ್ನೋನು."

"ಹಲ್ಲು ಹಾಗಿರಲಿ. ಜ್ವರ ಅಂದ್ರಲ್ಲ, ಅದು ಹೇಳಿ… ಮೂರು ವಾರದಿಂದಾನಾ? ಬರುತ್ತೆ, ಹೋಗುತ್ತೆ… ಬೆಳಿಗ್ಗೆ ಏಳೋವಾಗ ಅಂಗಿ ಒದ್ದೆ… ಪ್ಯಾಂಟ್ ಜಾರುತ್ತೆ ಅಂದ್ರೆ ತೂಕ ಇಳಿದಿದೆ ಅಂತ ತಾನೇ?"

ಅಡುಗೆಮನೆಯಲ್ಲಿ ಪೇಪರ್ ಓದುತ್ತಿದ್ದ ಗಂಡ ರುನೆ ತಲೆಯೆತ್ತಿದ.

"ಆಲ್ಗೋತ್, ಹೋಲ್ಗರ್‌ಗೆ ಚಿಕ್ಕವನಿದ್ದಾಗ ಕೀಲೆಲ್ಲ ಊದಿ ಜ್ವರ ಬಂದಿತ್ತು. ನಿಮಗೆ?… ಇಬ್ಬರಿಗೂ ಒಂದೇ ಚಳಿಗಾಲದಲ್ಲಿ… ಹೃದಯದ ಕವಾಟ ಹಾಳಾಗಿದೆ ಅಂತ ಡಾಕ್ಟರ್ ಹೇಳಿದ್ರಾ?… ಯಾವತ್ತೋ ಹೇಳಿದ್ರು. ಹಾಂ."

"ಕಿಟಕಿ ಹತ್ರ ಹೋಗಿ. ಉಗುರು ನೋಡ್ಕೊಳ್ಳಿ… ಕನ್ನಡಕ ಹಾಕ್ಕೊಳ್ಳಿ, ಕಾಯ್ತೀನಿ… ಉಗುರಿನಡಿ ಸಣ್ಣ ಗೆರೆ ಏನಾದ್ರೂ ಇದೆಯಾ? ಕಂದು ಬಣ್ಣ, ಸಿಬಿರು ಚುಚ್ಚಿದ ಹಾಗೆ…"

ಅವಳು ಕಣ್ಣು ಮುಚ್ಚಿದಳು. ಹೋಲ್ಗರ್ ದೋಣಿ ಕಟ್ಟುತ್ತಿದ್ದವನು. ಹಲ್ಲು ಶುಚಿ ಮಾಡಿಸಿಕೊಳ್ಳಲು ಬಂದಾಗ ಅವಳ ಕುರ್ಚಿಯ ತೋಳಿನ ಮೇಲಿದ್ದ ಅವನ ಕೈಯಲ್ಲಿ ಅಂಥವೇ ಗೆರೆಗಳನ್ನು ಕಂಡು, ಮರದ ಸಿಬಿರು ಎಂದುಕೊಂಡು ಸುಮ್ಮನಾಗಿದ್ದಳು. ಹತ್ತೊಂಬತ್ತು ದಿನಕ್ಕೆ ಅವನು ಹೋದ. ಆಮೇಲೆ ಎಷ್ಟು ಸಲ ಖಾಲಿ ಕುರ್ಚಿಯ ಮೇಲೆ ಆ ಕೈ ಕಂಡಿದೆಯೋ ಲೆಕ್ಕವಿಲ್ಲ.

"ಎಷ್ಟು ಬೆರಳಲ್ಲಿ?… ಮೂರು. ನೀವು ಅಂಚೆಯಲ್ಲಿದ್ದೋರು, ಮರಗೆಲಸ ಮಾಡಲ್ಲ, ಅಲ್ವಾ?… ಸಿಬಿರಲ್ಲ ಅದು. ಒಂದ್ನಿಮಿಷ, ಫೋನ್ ಇಡಬೇಡಿ."

"ರುನೆ, ನಿನ್ನ ಫೋನಿಂದ ಆಂಬುಲೆನ್ಸಿಗೆ ಹೇಳು. ಆಲ್ಗೋತ್ ಮನೆಗೆ, ದೋಣಿಕಟ್ಟೆ ಪಕ್ಕ. ಹೃದಯದ ಕವಾಟಕ್ಕೆ ಸೋಂಕು ಇರಬಹುದು ಅನ್ನು. ಈಗಲೇ."

"ಇದ್ದೀರಾ?… ಆಸ್ಪತ್ರೆಗೆ ನಾಳೆ ಅಲ್ಲ, ಇವತ್ತೇ. ಕೇಳಿ… ಬಾಯಲ್ಲಿ ಎಲ್ಲರಿಗೂ ಕ್ರಿಮಿ ಇರುತ್ವೆ. ದಿನವಿಡೀ ಸಿಹಿ ಸಿಕ್ರೆ ಕೊಬ್ತವೆ, ಹಲ್ಲು ವಸಡು ಎಲ್ಲ ಕೆಡಿಸ್ತವೆ. ರಕ್ತ ಬರೋ ವಸಡಿಂದ ಒಳಗಿಳೀತವೆ. ಗಟ್ಟಿ ಹೃದಯದಲ್ಲಿ ನಿಲ್ಲೋದು ಕಷ್ಟ. ನಿಮ್ಮಂಥ ಗಾಯದ ಕವಾಟಕ್ಕೆ ಅಂಟಿ ಕೂರ್ತವೆ. ಅಲ್ಲಿಂದ ಚೂರು ಕಿತ್ತುಬಂದು ಬೆರಳಿಗೆ ಹೋದ್ರೆ ಗೆರೆ. ಮೆದುಳಿಗೆ ಹೋದ್ರೆ… ಹಾಂ. ಹೋಲ್ಗರ್‌ಗೆ ಆಗಿದ್ದು ಅದೇ."

"ನನಗೆ ಉಗುರಿನ ವಿಷಯ ಹೇಗೆ ಹೊಳೀತು ಅಂದ್ರಾ?…"

"ಅವನ ಕೈಯಲ್ಲೂ ನೋಡಿದ್ದೆ, ಆಲ್ಗೋತ್. ನಾಲ್ಕು ಬೆರಳು. ಕೇಳ್ಲಿಲ್ಲ ನಾನು. ಜ್ವರ ಇದೆಯಾ ಅಂತ ಒಂದು ಮಾತು ಕೇಳ್ಲಿಲ್ಲ… ಹಲೋ?… ಇದ್ದೀರಾ?… ಬೈಯೋದಿದ್ರೆ ಬೈದುಬಿಡಿ."

"ಇಲ್ಲ… ನಿಮ್ಮತ್ತಿಗೆಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ರುನೆ ಫೋನ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನೂ ಇದನ್ನು ಕೇಳಿದ್ದು ಇದೇ ಮೊದಲು. ಎರಡು ಬೆರಳೆತ್ತಿ, ಮುಷ್ಟಿ ಕಟ್ಟಿ ಇಪ್ಪತ್ತೆಂದು ತೋರಿಸಿ, 'ಹೆಲಿಕಾಪ್ಟರ್' ಎಂದು ಪಿಸುಗುಟ್ಟಿದ.

"ಇಪ್ಪತ್ತು ನಿಮಿಷಕ್ಕೆ ಹೆಲಿಕಾಪ್ಟರ್ ಬರುತ್ತಂತೆ. ಬಾಗಿಲು ತೆಗೆದಿಟ್ಟು ಕೂತ್ಕೊಳ್ಳಿ… ಏನಂದ್ರಿ?… ಅವನ ಉಗುರು ನೀವೂ ನೋಡಿದ್ರಾ?… ಇಸ್ಪೀಟಾಡುವಾಗ. ದೋಣಿಗೆ ಬಳಿಯೋ ಡಾಂಬರು ಅಂದ್ಕೊಂಡ್ರಿ… ಕೈ ತೊಳ್ಕೊಂಡು ಬಾ ಅಂತ ರೇಗಿಸಿದ್ರಿ."

ಆಚೆ ಅವನು ಅಳುತ್ತಿದ್ದ. ಅಳುವೂ ಹೋಲ್ಗರ್‌ನ ದನಿಯದೇ.

"ಭಯ ಆಗ್ತಿದೆಯಾ?… ನನಗೂ. ಇಲ್ಲೇ ಇರ್ತೀನಿ, ಇಡಲ್ಲ… ಕಾಫಿ ಬೇಡ ಈಗ, ಸುಮ್ನೆ ಕೂತಿರಿ. ಉಸಿರಾಟ ಸರಿ ಇದೆಯಾ?… ಸರಿ ಇದೆಯಾ?"

"ಬಂದ್ರಾ?… ಹೆಲಿಕಾಪ್ಟರ್ ಸದ್ದು ನನಗೂ ಕೇಳಿಸ್ತಿದೆ. ಫೋನ್ ಅವರಿಗೆ ಕೊಡಿ… ಹಲೋ. ಹಾಂ, ನಾನೇ ಹೇಳಿದ್ದು. ಮೂರು ವಾರದ ಜ್ವರ, ಮುರಿದ ಹಲ್ಲು, ಹಳೇ ಕವಾಟದ ತೊಂದರೆ. ಕೈ ಬೆಳಕಲ್ಲಿ ಹಿಡಿದು ನೋಡಿ… ನೋಡಿದ್ರಾ?… ನಿಮಗೂ ಹಾಗೇ ಅನ್ಸುತ್ತಾ. ಸರಿ. ಕರ್ಕೊಂಡು ಹೋಗಿ."

"ಏನು, ಆಲ್ಗೋತ್?… ಜೋರಾಗಿ ಹೇಳಿ… ಅತ್ತಿಗೆಗೆ ನಾನೇ ಹೇಳ್ಬೇಕಾ?… ಹಾಂ. ಹೇಳ್ತೀನಿ. ಇವತ್ತೇ ಹೋಗ್ತೀನಿ. ನೀವು ವಾಪಸ್ ಬಂದು… ಹಲೋ?… ಆ ಸದ್ದಲ್ಲಿ ಏನೂ ಕೇಳಿಸ್ತಿಲ್ಲ… ಆಲ್ಗೋತ್?…"