ಶುಕ್ರನಿಲ್ಲದ ಐವತ್ತು ದಿನ

ನಗುತ್ತೀಯಲ್ಲ, ಪುಟ್ಟೀ? ನಗು, ನಗು. ಅಕ್ಕನ ಮಾತೆಂದರೆ ನಿನಗೆ ನಗುವೇ. 'ಶುಕ್ರ ಅಸ್ತನಾಗಿದ್ದಾನೆ. ಐವತ್ತು ದಿನ ಯಾವ ಒಪ್ಪಿಗೆಯೂ ಬೇಡ' ಅನ್ನುವುದು ನಾನು ಹೇಳಿದ್ದಲ್ಲ ಕಣೇ, ಪತ್ರಿಕೆಯಲ್ಲಿ ಅಚ್ಚಾದದ್ದು. ಪ್ರತಿ ಸೋಮವಾರ ಮುಖ ತೊಳೆಯುವುದಕ್ಕೂ ಮೊದಲು ವಾರಭವಿಷ್ಯ ಓದುವವಳು ನೀನೋ, ನಾನೋ? ತುಲಾ ರಾಶಿ ನಿನ್ನದೋ, ನನ್ನದೋ? ...ಮತ್ತೆ? ಈ ವಾರದ್ದು ಮಾತ್ರ ಏಕೆ ಬೇಡವಾಯಿತು?

ಕೈಚೀಲ ಕೆಳಗಿಡು. ಇನ್ನೂ ಆರೂವರೆ. ಗಡಿಯಾರದ ಅಂಗಡಿ ಮುಚ್ಚುವುದು ಏಳಕ್ಕೆ, ಅವರೇನು ಓಡಿಹೋಗುವುದಿಲ್ಲ. ಐವತ್ತೆರಡು ವರ್ಷ ಕಾದವಳಿಗೆ ಅರ್ಧ ಗಂಟೆ ಹೆಚ್ಚೇ? ...ಸರಿ. ಆಡಬಾರದಿತ್ತು. ಆ ಮಾತು ಬಿಡು.

ನೋಡು, ಗಡಿಯಾರದವರನ್ನು ನಾನು ಹಳಿಯುತ್ತಿಲ್ಲ. ಒಳ್ಳೆಯ ಮನುಷ್ಯ. ಒಂದು ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಾಕ್ಷಾತ್ ಒಕ್ಕಣ್ಣ ಶುಕ್ರಾಚಾರ್ಯ... ಮುಖ ಊದಿಸಿಕೊಳ್ಳಬೇಡ, ತಮಾಷೆಗೆ ಅಂದೆ. ಮದುವೆಯಾಗುತ್ತೀಯಾ ಅಂತ ಅವರು ಕೇಳಿದ್ದು ತಪ್ಪಲ್ಲ. ಆದರೆ, ಭಾನುವಾರ ಅಂಗಡಿ ಎತ್ತಿಕೊಂಡು ಬೇರೆ ಊರಿಗೆ ಹೋಗುತ್ತೇನೆ, ಹೂಂ ಅನ್ನು, ಇಲ್ಲವೇ ಉಹೂಂ ಅನ್ನು, ಇವತ್ತೇ ಅನ್ನು... ಇದೇನು, ಕೈಗಡಿಯಾರ ರಿಪೇರಿಯೇ? ಕಾಲ ನೋಡಬೇಡವೇ? ಶುಕ್ರ ಅಸ್ತನಾಗಿದ್ದಾನೆ. ಸೂರ್ಯನ ಹತ್ತಿರ ಹೋಗಿ ಆ ಬೆಳಕಿನಲ್ಲಿ ಮುಳುಗಿಹೋಗಿದ್ದಾನೆ. ಇನ್ನು ಐವತ್ತು ದಿನ ಆಕಾಶದಲ್ಲಿ ಅವನ ಸುಳಿವಿಲ್ಲ. ಮದುವೆ ಮಾಡಿಸುವ ಗ್ರಹವೇ ಇಲ್ಲದಿರುವಾಗ ಮದುವೆಯ ಮಾತು ಆಡುತ್ತಾರೆಯೇ ಯಾರಾದರೂ? ನಿನಗೆ ಶುಕ್ರದೆಸೆ ತಿರುಗಿತು ಅಂದುಕೊಂಡಿದ್ದೀಯ. ಎಲ್ಲಿ ತಿರುಗಿತು?

ಮೂಢನಂಬಿಕೆ ಅನ್ನಬೇಡ. ಸಾವಿರಾರು ವರ್ಷಗಳ ಹಿಂದೆ, ಎಲ್ಲಿಯೋ ದೂರದ ನಾಡಿನಲ್ಲಿ, ಇವನು ಯಾವ ಸಂಜೆ ಮರೆಯಾದ, ಎಷ್ಟು ದಿನಕ್ಕೆ ಮರಳಿದ ಅಂತ ಹಸಿಮಣ್ಣಿನ ಹಲಗೆಯ ಮೇಲೆ ಕೊರೆದಿಟ್ಟರಂತೆ. ಅವರ ಪಾಲಿಗೆ ಇವನು ಗಂಡಲ್ಲ, ದೇವಿ. ಪಾತಾಳಕ್ಕೆ ಇಳಿಯುವಾಗ ಅವಳಿಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ಮೈಮೇಲಿನದೊಂದು ಕಳಚಿಕೊಡಬೇಕು. ಅವಳು ಕೆಳಗಿರುವಷ್ಟು ದಿನ ಭೂಮಿಯ ಮೇಲೆ ಯಾರಿಗೂ ಯಾರೂ ಬೇಡವಂತೆ. ...ಹೌದಮ್ಮ, ಕಥೆಯೇ. ಅಷ್ಟು ಜನ ಅಷ್ಟು ಕಾಲ ನಂಬಿದ್ದನ್ನು ನೀನು ಒಂದು ಕೈಚೀಲ ಹಿಡಿದುಕೊಂಡು ತಳ್ಳಿಹಾಕುತ್ತೀಯಾ?

ಏನು? ವಾರಭವಿಷ್ಯದ ಜೋಯಿಸರು ಹಾಗೆ ಬರೆಯುವವರಲ್ಲ ಅಂತೀಯಾ? ನಿನಗೇನು ಗೊತ್ತು? ಮೂವತ್ತೊಂದು ವರ್ಷದಿಂದ ಆ ಪತ್ರಿಕೆಯ ಕರಡು ತಿದ್ದುತ್ತಿರುವವಳು ನಾನು. ಜೋಯಿಸರ ಬರಹ ಮೊದಲು ಬರುವುದು ನನ್ನ ಮೇಜಿಗೆ. ಒಂದು ಅಲ್ಪವಿರಾಮ ಬಿಟ್ಟುಹೋದರೂ ನನಗೆ ಊಟ ಸೇರುವುದಿಲ್ಲ. ಅದು ನಿನಗೇ ಗೊತ್ತು.

ನನಗೋಸ್ಕರ ತಡೆಯುತ್ತಿದ್ದೇನೆ ಅಂದುಕೊಂಡೆಯಾ? ಛೆ! ನನಗೇನು ಕಡಿಮೆ? ಒಬ್ಬಳ ಅಡುಗೆ ಎಷ್ಟು ಹೊತ್ತಿನ ಕೆಲಸ... ಔಷಧಿಯ ಡಬ್ಬಿ ನಾನೇ ತೆಗೆದುಕೊಳ್ಳಬಲ್ಲೆ. ಮಾತು ಬೇಕು ಅನ್ನಿಸಿದರೆ... ರೇಡಿಯೋ ಇದೆ. ನಾನು ಹೇಳುವುದು ನಿನ್ನ ಒಳ್ಳೆಯದಕ್ಕೆ. ಐವತ್ತೇ ದಿನ. ಮನಸ್ಸಿದ್ದವರು ಕಾಯುತ್ತಾರೆ. ಕಾಯದಿದ್ದರೆ... ಹೋಗಲಿ, ಅಂಥವರಿಂದ ಏನು ಸುಖ?

ಎಲ್ಲಿಗೆ ಹೊರಟೆ? ಅಡುಗೆಮನೆಯಲ್ಲಿ ಏನಿದೆ? ...ಆ ಕಿಟಕಿ ಏಕೆ ತೆಗೆದೆ? ಸೊಳ್ಳೆ ಬರುತ್ತವೆ, ಮುಚ್ಚು. ಪುಟ್ಟೀ, ಮುಚ್ಚು ಅಂದೆ.

ಏನು ನೋಡಬೇಕು? ...ಎಲ್ಲಿ? ನೀರಿನ ಟ್ಯಾಂಕಿನ ಮೇಲೆಯೇ? ಹೂಂ, ಕಾಣುತ್ತದೆ. ಯಾವುದೋ ದೀಪ. ಟವರಿನ ದೀಪವಿರಬೇಕು... ಅಲ್ಲಿ ಟವರ್ ಇಲ್ಲವೇ? ಹಾಗಾದರೆ ವಿಮಾನ.

...

ಹೌದು. ವಿಮಾನವಾದರೆ ಇಷ್ಟು ಹೊತ್ತಿಗೆ ಸರಿಯಬೇಕಿತ್ತು. ಶುಕ್ರನೇ.

ಹಾಗೆ ನೋಡಬೇಡ ನನ್ನನ್ನು... ದಿನಾ ಕಾಣುತ್ತಿತ್ತೇ? ಅವರ ಅಂಗಡಿಯ ಮೆಟ್ಟಿಲ ಮೇಲಿಂದ? ಇಬ್ಬರೂ ನೋಡಿದಿರಾ? ಸೋಮವಾರವೂ? ...ಇವತ್ತಿಗೆ ಐದು ದಿನ. ಐದು ದಿನ ಎಲ್ಲ ಗೊತ್ತಿದ್ದೂ, ಅಕ್ಕನೇ ಬಾಯಿಬಿಡಲಿ ಅಂತ ಕಾದೆಯಾ?

ಜೋಯಿಸರದ್ದಲ್ಲ. ಆ ಎರಡು ಸಾಲು ನನ್ನವು. ಅವರದ್ದನ್ನು ಹೊಡೆದುಹಾಕಿ ನಾನೇ ಬರೆದೆ. ನಿನ್ನೊಬ್ಬಳಿಗಾಗಿ... ಪಾಪ, ಊರಿನ ತುಲಾ ರಾಶಿಯವರೆಲ್ಲ ಈ ವಾರ ಕೈಕಟ್ಟಿ ಕೂತಿರಬೇಕು. ಆಕಾಶವನ್ನು ಯಾರು ತಲೆಯೆತ್ತಿ ನೋಡುತ್ತಾರೆ ಅಂದುಕೊಂಡೆ. ನಾನು ನೋಡಿದವಳಲ್ಲ, ಪುಟ್ಟೀ. ಕಾಗದ ಬಿಟ್ಟು ಬೇರೇನನ್ನೂ ನೋಡಿದವಳಲ್ಲ.

ಬೈಯಿ.

ಜೋಯಿಸರು ಬರೆದದ್ದು ಏನಂತಲಾದರೂ ಕೇಳು. ...ಬೇಡ, ನಾನೇ ಹೇಳುತ್ತೇನೆ. 'ಶುಕ್ರ ಬಲವಾಗಿದ್ದಾನೆ. ಅಂಜದೆ ಒಪ್ಪಿಗೆ ಕೊಡಿ' ಅಂತಿತ್ತು. ನಾನು ಹೊಡೆದುಹಾಕಿದ್ದು ಅದನ್ನು.