ಗೆರೆ ಮುಟ್ಟದ ಉಸಿರು

ಬೀಡಿ ಎಳೆದ್ರೆ ಎದೆ ಬಿಚ್ಚುತ್ತೆ ಅಂತ ಆಗ ಭದ್ರಾವತೀಲಿ ಎಲ್ಲರೂ ನಂಬಿದ್ರು. ನಗಬೇಡ ಮಾರಾಯ, ಡಾಕ್ಟ್ರ ಬಾಯಲ್ಲೇ ಬೀಡಿ ಇರ್ತಿತ್ತು. ಅಲ್ಲ, ಡಾಕ್ಟ್ರದ್ದು ಸಿಗರೇಟು, ಬೀಡಿ ಕಾಂಪೌಂಡರ್‌ದು. ಎಳೀತಾರೆ, ಕೆಮ್ಮು ಬರುತ್ತೆ, ಕಫ ಬರುತ್ತೆ, "ನೋಡು, ಕೊಳೆ ಹೊರಗೆ ಬಂತು" ಅಂತಾರೆ. ಅದೇ ಪುರಾವೆ. ಅಪ್ಪ ಕೆಲಸಕ್ಕಿದ್ದ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ನಮ್ಮನೆ. ನಾನು ಶಿವಮೊಗ್ಗಕ್ಕೆ ಬಸ್ಸಲ್ಲಿ ಓಡಾಡ್ಕೊಂಡು ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಓದ್ತಿದ್ದೆ. ತಮ್ಮ ಮಂಜ, ಅದೇ ನಿಮ್ಮ ಮಂಜಜ್ಜ, ಓದಲಿಲ್ಲ, ಕಬಡ್ಡಿ ಆಡ್ತಿದ್ದ. ಉಸಿರು ಅಂದ್ರೆ ಅವನದು ಕಣೋ. ಕಬಡ್ಡಿ ಕಬಡ್ಡಿ ಅಂತ ಎದುರಿನವರ ಕಡೆ ನುಗ್ಗಿದ್ರೆ ದನಿ ಕಡಿಯೋದೇ ಇಲ್ಲ, ನೋಡ್ತಾ ನಿಂತ ನಮಗೇ ಉಸಿರು ಕಟ್ಟೋದು.

ಅಪ್ಪನ ರಿಟೈರ್‌ಮೆಂಟ್ ಹತ್ರ ಬಂದಿತ್ತು, ಮನೆ ಬಿಡಬೇಕು. ಮಂಜನಿಗೆ ಆಟದ ಕೋಟಾದಲ್ಲಿ ಅದೇ ಕಾರ್ಖಾನೇಲಿ ಕೆಲಸ ಸಿಕ್ಕಿದ್ರೆ ಮನೆ ಉಳಿಯುತ್ತೆ. ಆಯ್ಕೆ ಪಂದ್ಯ ಶಿವಮೊಗ್ಗದಲ್ಲಿ. ಟೀಮಿಗೆ ಆಟ ಕಲಿಸ್ತಿದ್ದ ಪಳನಿ ಅಂತ ಒಬ್ಬ, ಅಚ್ಚಿಗೆ ಕಬ್ಬಿಣ ಹೊಯ್ಯೋ ಕೆಲಸ ಅವನದು. ಮೈದಾನದ ಅಂಚಲ್ಲಿ ಬೀಡಿ ಹಚ್ಚಿ ಮಂಜನ ಮುಂದೆ ಹಿಡಿದ. "ತಂಬಿ, ಇವತ್ತು ಉಸಿರು ಜಾಸ್ತಿ ಬೇಕಪ್ಪ. ಎಳಿ."

"ಅಭ್ಯಾಸ ಇಲ್ಲಣ್ಣ."

"ಅದಕ್ಕೇ ಹೇಳೋದು. ಅಭ್ಯಾಸ ಇರೋನಿಗೆ ಏನು ಹತ್ತುತ್ತೆ? ಹೊಸಬನಿಗೇ ಪವರ್ರು."

ನಾನು ಬೇಡ ಕಣೋ ಅಂದೆ. ಪಳನಿ ನನ್ನ ಕಡೆ ತಿರುಗಿ, "ಕಾಲೇಜು ಅಮ್ಮ, ನೀನು ಕಪ್ಪೆ ಕೊಯ್ಯಿ, ಕಬಡ್ಡಿ ನಮಗೆ ಬಿಡು" ಅಂದ. ಸುತ್ತ ಇದ್ದೋರೆಲ್ಲ ನಕ್ರು. ಮಂಜ ಎಳೆದ, ಕಣ್ಣಲ್ಲಿ ನೀರು ಬರೋ ತನಕ ಕೆಮ್ಮಿದ, ಟೀಮಿನವರು ಬೆನ್ನು ತಟ್ಟಿದ್ರು, ಬಿಚ್ಚಿತು ಬಿಚ್ಚಿತು ಅಂತ. ಒಳಗೆ ಹೋದ. ಮೂವರನ್ನ ಮುಟ್ಟಿದ. ತಿರುಗಿದ. ಗೆರೆ ಒಂದು ಕೈ ದೂರ, ಅಷ್ಟೇ. ಅಲ್ಲಿ ದನಿ ಸಣ್ಣಗಾಯ್ತು. ಕಬ... ಕಬ... ಅಂತ. ಆಮೇಲೆ ಮಾತಿಲ್ಲ, ಎದೆಯೊಳಗಿಂದ ಸುಯ್ ಅಂತ ಒಂದು ಸೀಟಿ. ದನಿ ನಿಂತ್ರೆ ಔಟು. ಹಿಡಿದು ಕೆಡವಿದ್ರು. ಕೆಲಸ ಬೇರೆಯವನಿಗೆ ಹೋಯ್ತು, ನಾವು ಶಿವಮೊಗ್ಗದ ಗಾಂಧಿ ಬಜಾರ್ ಹಿಂದೆ ಬಾಡಿಗೆ ಕೋಣೆಗೆ ಬಂದ್ವಿ.

ಮಂಜ ಸಗಟು ಅಂಗಡೀಲಿ ಮೆಣಸಿನಕಾಯಿ ಮೂಟೆ ಹೊತ್ತ. ಅವತ್ತಿನ ಸೋಲಿಂದ ಅವನು ಕಲಿತ ಪಾಠ ಏನು ಗೊತ್ತಾ? ಬೀಡಿ ಸಾಲಲಿಲ್ಲ ಅಂತ. ಮೂಟೆ ಎತ್ತೋ ಮುಂಚೆ ಒಂದು, ಇಳಿಸಿ ಒಂದು. ನಾನು ಲೆಕ್ಚರರ್ ಆಗಿ ಕಾಲೇಜಲ್ಲಿ ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಸ್ತಿದ್ದೆ, ಮನೇಲಿ ಅವನಿಗೆ ಹೇಳಿದ್ರೆ "ನೀನು ಕಪ್ಪೆ ನೋಡ್ಕೋ" ಅನ್ನೋನು.

ಹೋದ ವರ್ಷ ಆಸ್ಪತ್ರೇಲಿ ಆಕ್ಸಿಜನ್ ಮುಖವಾಡ ಕೆಳಗೆಳೆದು ಕೇಳಿದ, "ಅಕ್ಕ, ಅವತ್ತು ಇನ್ನೊಂದು ಎಳೆದಿದ್ರೆ ಗೆರೆ ಮುಟ್ತಿದ್ದೆ, ಅಲ್ವಾ?" ನಾನು ಮುಖವಾಡ ಮೇಲಕ್ಕೆ ಸರಿಸಿದೆ. ಒಳಗೆ ಅದೇ ಸೀಟಿ. ಈಗಲೂ ಯಾರಾದ್ರೂ ನಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಟ್ರೆ ನಾನು ತಕ್ಷಣ ಬಾಗಿಲು ತೆಗೆಯಲ್ಲ, ಆ ಸೀಟಿ ಇದೆಯಾ ಅಂತ ಕಿವಿಗೊಟ್ಟು ಕೇಳ್ತೀನಿ. ಜಿಮ್ಮಿಗೆ ಹೋಗೋ ಮುಂಚೆ ನೀನು ಏನು ಎಳೀತೀಯೋ ನಾನು ಕೇಳಲ್ಲ. ನೀರು ಕುಡಿದು ಹೋಗು. ಹೊಗೆ ಒಳಗೆ ಹೋದ ಕೂಡಲೇ ಶ್ವಾಸನಾಳ ಕಿರಿದಾಗುತ್ತೆ, ಒಂದು ಬೀಡಿ ಸಾಕು.